ಹಗಲು ಕಂಡ ನಕ್ಷತ್ರ

"ಹಗಲಲ್ಲೇ ನಕ್ಷತ್ರ ತೋರಿಸುತ್ತೇನೆ" ಎಂದು ಒಬ್ಬರನ್ನೊಬ್ಬರು ಗದರಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಆಗಬಾರದ್ದನ್ನು ಆಗಿಸಿ ಬುದ್ಧಿ ಕಲಿಸುವೆನೆಂಬುದು ಈ ಮಾತಿನ ತಾತ್ಪರ್ಯ. ಆದರೆ ಹಗಲು ಹೊತ್ತಿನಲ್ಲಿ ನಕ್ಷತ್ರದಂಥ ಬೆಳಕು ಕಣ್ಣಿಗೆ ಬೀಳುವುದು ಆಗಬಾರದ ಸಂಗತಿಯೇನೂ ಅಲ್ಲ. ಚಾಮರಾಜಪುರಂ ರೈಲು ನಿಲ್ದಾಣದ ಮುಂದೆ ನಾಲ್ಕು ಮಂದಿ ತಲೆಯೆತ್ತಿ ನಿಂತರೆಂದರೆ ಐದನೆಯವನೂ ತನ್ನ ಕೆಲಸ ಮರೆತು ನಿಲ್ಲುತ್ತಾನೆ. ಆರನೆಯವನು ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಕಳುಹಿಸುತ್ತಾನೆ. ಆ ಚಿತ್ರವು ಅಗ್ರಹಾರವನ್ನು ದಾಟಿ ಕುವೆಂಪುನಗರವನ್ನು ಮುಟ್ಟುವ ವೇಳೆಗೆ ಬೆಳಕಿನ ಚುಕ್ಕೆಯು ಶತ್ರುಗಳ ಡ್ರೋನ್ ಆಗಿರುತ್ತದೆ, ಇಲ್ಲವೆ ಅನ್ಯಲೋಕದವರ ವಾಹನವಾಗಿರುತ್ತದೆ. ಅದು ಎಷ್ಟು ಗಂಟೆಗೆ ಕಂಡಿತು, ಯಾವ ದಿಕ್ಕಿನಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂಬ ಮೂರು ಮಾತುಗಳನ್ನು ಮಾತ್ರ ಯಾರೂ ಬರೆದುಕೊಂಡಿರುವುದಿಲ್ಲ.

ಇದನ್ನು ಪೇಟೆಯ ಹರಟೆಯೆಂದು ತಳ್ಳಿಹಾಕುವವರಿಗೆ ಲಡಾಖಿನ ಒಂದು ಪ್ರಕರಣವನ್ನು ಜ್ಞಾಪಿಸಬಯಸುತ್ತೇವೆ. ೨೦೧೨ರ ಆಗಸ್ಟ್ ತಿಂಗಳಿಂದ ೨೦೧೩ರ ಫೆಬ್ರವರಿಯವರೆಗೆ, ಪಾಂಗಾಂಗ್ ಸರೋವರದ ಬಳಿ, ಸಮುದ್ರಮಟ್ಟಕ್ಕಿಂತ ಸುಮಾರು ೧೪,೦೦೦ ಅಡಿ ಮೇಲೆ ಗಡಿಯನ್ನು ಕಾಯುತ್ತಿದ್ದ ನಮ್ಮ ಸೈನಿಕರು ಎರಡು ಬೆಳಕುಗಳನ್ನು ಪದೇ ಪದೇ ಕಂಡರು. ಚೀನೀಯರು ಗೂಢಚರ್ಯೆಗಾಗಿ ಹಾರಿಸಿದ ಡ್ರೋನುಗಳು ಇವೆಂಬ ಶಂಕೆ ಹುಟ್ಟಿತು. ೩೨೯ ದರ್ಶನಗಳು ದಾಖಲೆಗೆ ಬಂದವು. ಅವುಗಳಲ್ಲಿ ೧೫೫ನ್ನು ಗಡಿರೇಖೆಯ ಉಲ್ಲಂಘನೆಗಳೆಂದು ಎಣಿಸಲಾಯಿತು. ಒಂದು ಬೆಳಕು ಸಂಜೆ ಆರರ ಸುಮಾರಿಗೆ ತೋರಿ ಬೆಳಗಿನ ಐದರವರೆಗೆ ಇರುತ್ತಿತ್ತು. ಇನ್ನೊಂದು ನಸುಕಿನ ನಾಲ್ಕಕ್ಕೆ ಮೂಡಿ ಹಗಲು ಹನ್ನೊಂದರವರೆಗೆ ಇರುತ್ತಿತ್ತು. ಹಗಲು ಹನ್ನೊಂದು ಎಂಬುದನ್ನು ವಾಚಕರು ಗಮನಿಸಬೇಕು. ಕಡೆಗೆ ಸೇನೆಯವರು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ನೆರವನ್ನು ಕೋರಿದರು. ವಿಜ್ಞಾನಿಗಳು ದರ್ಶನಗಳ ವೇಳೆ, ದಿಕ್ಕು, ಎತ್ತರಗಳನ್ನು ಆಕಾಶದ ಗಣಿತದೊಡನೆ ತಾಳೆ ನೋಡಿ ಉತ್ತರ ಕೊಟ್ಟರು. ರಾತ್ರಿಯ ಬೆಳಕು ಗುರುಗ್ರಹ. ಹಗಲು ಹನ್ನೊಂದರವರೆಗೆ ಕಾಣುತ್ತಿದ್ದುದು ಶುಕ್ರಗ್ರಹ.

೨೦೧೩ರ ಜುಲೈ ತಿಂಗಳಲ್ಲಿ ಈ ಸುದ್ದಿ ಹೊರಬಿದ್ದಾಗ ಸೈನಿಕರನ್ನು ಕುರಿತು ನಕ್ಕವರು ಬಹು ಮಂದಿ. ನಾವು ಆ ನಗೆಯಲ್ಲಿ ಭಾಗಿಗಳಲ್ಲ. ಹಿಮಗಾಳಿಯಲ್ಲಿ ನಿಂತು ಆರು ತಿಂಗಳು ಒಂದು ಬೆಳಕನ್ನು ಬಿಡದೆ ನೋಡಿ, ಕಂಡುದನ್ನು ವೇಳೆ ಸಮೇತ ಬರೆದಿಟ್ಟವರು ತಮ್ಮ ಕರ್ತವ್ಯವನ್ನು ಮಾಡಿದರು. ಅವರು ಬರೆದಿಡದೆ ಇದ್ದಿದ್ದರೆ ಬೆಂಗಳೂರಿನ ಪಂಡಿತರಿಗೆ ತಾಳೆ ನೋಡಲು ಏನೂ ಸಿಗುತ್ತಿರಲಿಲ್ಲ, ಶಂಕೆಯು ಶಂಕೆಯಾಗಿಯೇ ಉಳಿದು ಬೆಳೆಯುತ್ತಿತ್ತು. ಎರಡು ದೇಶಗಳ ಬಂದೂಕುಗಳು ಎದುರುಬದುರಾಗಿ ನಿಂತಿರುವ ಜಾಗದಲ್ಲಿ ಅದು ಯಾವ ರೂಪ ತಾಳುತ್ತಿತ್ತೋ ಹೇಳಬರುವಂತಿಲ್ಲ. ನಗುವುದೇ ಆದರೆ, ಹೆಸರನ್ನು ಮೊದಲು ಇಟ್ಟು ಅಳತೆಯನ್ನು ಆಮೇಲೆ ಹುಡುಕುವ ನಮ್ಮ ಪೇಟೆಯ ಪದ್ಧತಿಯನ್ನು ಕುರಿತು ನಗಬೇಕು.

ಶುಕ್ರನು ಹಗಲಿನಲ್ಲಿ ಕಾಣುವುದಕ್ಕೆ ಲಡಾಖಿನ ಎತ್ತರವೇ ಬೇಕೆಂದಿಲ್ಲ. ಮಳೆ ಸುರಿದು ಧೂಳು ತೊಳೆದುಹೋದ ಮಾರನೆಯ ದಿನ ಮೈಸೂರಿನಲ್ಲಿಯೂ ಕಾಣುತ್ತದೆ. ಎಲ್ಲಿ ನೋಡಬೇಕೆಂಬುದು ಮಾತ್ರ ಗೊತ್ತಿರಬೇಕು. ಶುಕ್ರನು ಸೂರ್ಯನಿಂದ ೪೭ ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಭೂಮಿಗೂ ಸೂರ್ಯನಿಗೂ ನಡುವೆ ಬರುವ ದಿನಕ್ಕೆ ಐದು ವಾರ ಮೊದಲು ಮತ್ತು ಐದು ವಾರ ತರುವಾಯ ಅವನ ಬೆಳಕು ಅತಿಶಯವಾಗಿರುತ್ತದೆ. ೨೦೨೫ರ ಮಾರ್ಚ್ ೨೩ರಂದು ಅವನು ಹಾಗೆ ನಡುವೆ ಬಂದಿದ್ದನು. ಈ ಸಂಯೋಗವು ಸುಮಾರು ೫೮೪ ದಿನಗಳಿಗೊಮ್ಮೆ ಮರಳುವುದರಿಂದ ಅದರ ಮುಂದಿನದು ೨೦೨೬ರ ಅಕ್ಟೋಬರಿಗೆ ಬೀಳುತ್ತದೆ. ಇದನ್ನು ತಿಳಿಯಲು ದೊಡ್ಡ ಗ್ರಂಥಗಳನ್ನು ತಿರುವಬೇಕಾದ್ದಿಲ್ಲ. ನಮ್ಮ ಒಂಟಿಕೊಪ್ಪಲು ಪಂಚಾಂಗವು ಎಷ್ಟು ಮನೆಗಳ ಗೋಡೆಗೆ ತೂಗುಬಿದ್ದಿಲ್ಲ! ಮದುವೆಯ ಲಗ್ನವನ್ನು ಇಡುವಾಗ ಶುಕ್ರಾಸ್ತವನ್ನು ಹುಡುಕುವ ಗೃಹಸ್ಥರು, ಅದೇ ಪುಟದಲ್ಲಿ ಅಸ್ತವಲ್ಲದ ಕಾಲವೂ ಇದೆಯೆಂಬುದನ್ನು ಅರಿತರೆ ಸಾಕು. ಮುಹೂರ್ತಕ್ಕೆ ಬೇಡವಾದ ದಿನಗಳಲ್ಲಿ ಶುಕ್ರನು ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತಾನೆ. ಉಳಿದ ದಿನಗಳಲ್ಲಿ ಮೋಡವಿಲ್ಲದಿದ್ದರೆ ಹೊರಗಿರುತ್ತಾನೆ.

ಆದರೆ ಶುಕ್ರನು ಓಡುವುದಿಲ್ಲವಲ್ಲ, ನಾವು ಕಂಡದ್ದು ಓಡುತ್ತಿತ್ತು ಎಂದು ಹೇಳುವವರಿದ್ದಾರೆ. ಮೋಡಗಳು ಸರಿಯುವಾಗ ಚಂದ್ರನೇ ಓಡಿದಂತೆ ತೋರುವುದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಇನ್ನು ಮೋಡವೂ ಇಲ್ಲದ ಬರಿಯ ನೀಲಿಯಲ್ಲಿ ಒಂದೇ ಚುಕ್ಕೆಯನ್ನು ದಿಟ್ಟಿಸಿದರೆ ಕಣ್ಣಿಗೆ ಆಧಾರವಿಲ್ಲದೆ ಚುಕ್ಕೆಯು ತೂಗಾಡಿದಂತೆಯೂ ಜಾರಿದಂತೆಯೂ ಆಗುತ್ತದೆ. ಇದಕ್ಕೆ ಔಷಧ ಸುಲಭವಾದದ್ದು. ಗೋಡೆಗೆ ತಲೆಯನ್ನು ಆನಿಸಿ ನಿಂತು, ಬೆಳಕನ್ನು ಎದುರು ಮನೆಯ ಮಾಡಿನ ಅಂಚಿಗೋ ವಿದ್ಯುತ್ ಕಂಬದ ತುದಿಗೋ ಹೊಂದಿಸಿ ನೋಡಬೇಕು. ಸೂರ್ಯ, ಚಂದ್ರ, ಗ್ರಹಗಳು ಗಂಟೆಗೆ ೧೫ ಡಿಗ್ರಿಯಂತೆ ಪಡುವಣಕ್ಕೆ ಸಾಗುತ್ತವೆ. ಅಂದರೆ ಎರಡು ನಿಮಿಷಕ್ಕೆ ಚಂದ್ರಬಿಂಬದ ಅಗಲದಷ್ಟು. ಚುಕ್ಕೆಯು ಕಂಬದ ತುದಿಯಿಂದ ಅಷ್ಟೇ ಸರಿದರೆ ಅದು ಆಕಾಶಕಾಯವೆಂದು ತಿಳಿಯಬೇಕು. ಅದಕ್ಕಿಂತ ವೇಗವಾಗಿ ಹೋದರೆ, ಇಲ್ಲವೆ ಮೂಡಲಿಗೆ ಹೋದರೆ, ಅದು ನಮ್ಮ ವಾಯುಮಂಡಲದ್ದೋ ಅದರ ಸಮೀಪದ್ದೋ ಆಗಿರಬೇಕು. ಸೂರ್ಯನು ಅದೇ ಮಾಡಿನ ಮರೆಯಲ್ಲಿರುವಂತೆ ನಿಲ್ಲುವುದು ಒಳ್ಳೆಯದು. ದುರ್ಬೀನನ್ನು ಹಿಡಿದು ಸೂರ್ಯನ ಆಸುಪಾಸಿನಲ್ಲಿ ತಡಕಾಡಿದರೆ ಕ್ಷಣಾರ್ಧದಲ್ಲಿ ದೃಷ್ಟಿ ಹೋಗುವುದುಂಟು; ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಎತ್ತರವನ್ನು ಅಳೆಯಲು ಉಪಕರಣ ಬೇಡ. ಚಾಚಿದ ಕೈಯ ಮುಷ್ಟಿ ಸುಮಾರು ೧೦ ಡಿಗ್ರಿ, ಕಿರುಬೆರಳಿನ ಅಗಲ ಒಂದು ಡಿಗ್ರಿ. ಚಾಮರಾಜಪುರದವರಿಗೆ ಇನ್ನೊಂದು ಅಳತೆಗೋಲು ಇದೆ. ಆಗ್ನೇಯದಲ್ಲಿ ನಿಂತಿರುವ ಚಾಮುಂಡಿಬೆಟ್ಟದ ನೆತ್ತಿಯು ಅಲ್ಲಿಂದ ನೋಡುವವರಿಗೆ ಸುಮಾರು ನಾಲ್ಕು ಡಿಗ್ರಿ ಮಾತ್ರ ಎತ್ತರದಲ್ಲಿದೆ. ಇದನ್ನು ಕೇಳಿದವರು ನಂಬುವುದಿಲ್ಲ. ನಾಲ್ಕು ಬೆರಳಿನಷ್ಟು ಬೆಟ್ಟವನ್ನು ಅರ್ಧ ಆಕಾಶವೆಂದು ಭಾವಿಸುವ ಕಣ್ಣು ಬೆಳಕಿನ ಚುಕ್ಕೆಯ ಎತ್ತರವನ್ನು ಅಂದಾಜಿನಲ್ಲಿ ಹೇಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬಹುದು?

ನಮ್ಮ ಊರಿನ ಹಗಲು ನಕ್ಷತ್ರಗಳಲ್ಲಿ ಬಹುಪಾಲು ಕುಕ್ಕರಹಳ್ಳಿ ಕೆರೆಯಿಂದ ಏಳುತ್ತವೆಂಬುದು ನಮ್ಮ ಅಭಿಪ್ರಾಯ. ಚಾಮರಾಜಪುರಕ್ಕೆ ಅನತಿದೂರದಲ್ಲಿರುವ ಈ ಕೆರೆಯ ಹೆಜ್ಜಾರ್ಲೆಗಳನ್ನು ನೀರಿನ ಮೇಲೆ ನೋಡಿದವರು ಅವುಗಳನ್ನು ಜಡಪಕ್ಷಿಗಳೆಂದು ತಿಳಿಯುತ್ತಾರೆ. ಬಿಸಿಲೇರಿ ನೆಲ ಕಾದು ಬಿಸಿಗಾಳಿಯ ಕಂಬಗಳು ಮೇಲೇಳತೊಡಗಿದಾಗ ಅವುಗಳ ನಿಜವಾದ ವಿದ್ಯೆ ಹೊರಬರುತ್ತದೆ. ರೆಕ್ಕೆಯನ್ನು ಬಡಿಯದೆ ಸುತ್ತು ಸುತ್ತಾಗಿ ಏರಿ ಏರಿ ಬರಿಗಣ್ಣಿಗೆ ಆಕಾರವೇ ತಿಳಿಯದಷ್ಟು ಮೇಲಕ್ಕೆ ಹೋಗಿಬಿಡುತ್ತವೆ. ಆಗ ಹಕ್ಕಿಯು ಒಂದು ಪಕ್ಕಕ್ಕೆ ವಾಲಿದರೆ ಎರಡು ಗಜಕ್ಕೂ ಮಿಗಿಲಾದ ಬೆಳ್ಳನೆಯ ಹರವು ಬಿಸಿಲಿಗೆ ಒಮ್ಮೆ ಥಳಕ್ಕನೆ ಮಿನುಗುತ್ತದೆ. ಇನ್ನೊಂದು ಪಕ್ಕಕ್ಕೆ ಹೊರಳಿದರೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹತ್ತಾರು ಹಕ್ಕಿಗಳು ಒಟ್ಟಿಗೆ ಸುತ್ತುತ್ತಿದ್ದರೆ ಹತ್ತಾರು ಚುಕ್ಕೆಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಶಬ್ದವಿಲ್ಲ, ಹೊಗೆಯಿಲ್ಲ, ವಿಮಾನದಂಥ ನೇರವಾದ ದಾರಿಯಿಲ್ಲ. ಕಂಡವರು ಬೆರಗಾಗದೆ ಮತ್ತೇನು ಮಾಡಿಯಾರು? ೧೯೪೦ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟು, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು, ಊರೊಳಗಿನ ಕಾರಂಜಿ ಕೆರೆ ಇವೆಲ್ಲ ನಮ್ಮ ಸುತ್ತಲೇ ಇರುವುದರಿಂದ ಬಣ್ಣದ ಕೊಕ್ಕರೆಗಳೂ ಈ ಗಗನವಿಹಾರದಲ್ಲಿ ಸೇರಿರುತ್ತವೆ. ಎರಡು ನಿಮಿಷ ತಾಳ್ಮೆಯಿಂದ ನೋಡಿದರೆ ಸುತ್ತುವಿಕೆಯೇ ಗುಟ್ಟನ್ನು ಬಿಟ್ಟುಕೊಡುತ್ತದೆ. ಗರುಡ ಪಕ್ಷಿಯದೂ ಇದೇ ರೀತಿ. ದೇವರ ಉತ್ಸವದಲ್ಲಿ ಗರುಡನು ಮೇಲೆ ಸುತ್ತಿದನೆಂದು ಕೈಮುಗಿಯುವ ನಮ್ಮ ಹಿರಿಯರಿಗೆ ಅದರ ಬಿಳಿಯ ಎದೆಯೂ ಕೆಂಪು ರೆಕ್ಕೆಯೂ ಬಿಸಿಲಿನಲ್ಲಿ ಹೇಗೆ ಹೊಳೆಯುತ್ತವೆಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಕ್ಕಿಗಳಿಗಿಂತ ಕೆಳಗೆ, ತೀರ ಕೆಳಗೆ, ಇನ್ನೊಂದು ಸೋಜಿಗವಿದೆ. ಬೇಸಗೆಯಲ್ಲಿ ಎಕ್ಕದ ಕಾಯಿ, ಬೂರುಗದ ಕಾಯಿಗಳು ಒಡೆದು ಹತ್ತಿಯಂಥ ಎಳೆಗಳಿಗೆ ತಗುಲಿದ ಬೀಜಗಳು ಗಾಳಿಗೆ ತೇಲುತ್ತವೆ. ಸೂರ್ಯನನ್ನು ಮಾಡಿನ ಮರೆಗೆ ಮಾಡಿ ಅದರ ಅಂಚನ್ನು ನೋಡಿದರೆ ಅವು ಒಂದೊಂದೂ ಬೆಳ್ಳಿಯ ಚುಕ್ಕೆಯಾಗಿ ಸಾಲಾಗಿ ಸಾಗುವುದು ಕಾಣುತ್ತದೆ. ಹತ್ತು ಮಾರು ಮೇಲಿರುವುದನ್ನು ಹತ್ತು ಮೈಲಿ ಮೇಲಿದೆಯೆಂದು ಭಾವಿಸಿದರೆ ಅದರ ವೇಗವೂ ಗಾತ್ರವೂ ರಾಕ್ಷಸಪ್ರಾಯವಾಗಿ ತೋರದೆ ಇರದು. ಜೇಡದ ಎಳೆ, ಮಳೆಗಾಲದ ಈಚಲು ಹುಳು, ಆಷಾಢದ ಗಾಳಿಪಟ, ಹುಟ್ಟುಹಬ್ಬದ ಮನೆಯಿಂದ ಕೈಜಾರಿದ ಬೆಳ್ಳಿಬಣ್ಣದ ಬಲೂನು, ಇವೆಲ್ಲವೂ ಇದೇ ಜಾತಿಗೆ ಸೇರಿದವು. ಇನ್ನು ಕೆಲವು ಚುಕ್ಕೆಗಳು ಆಕಾಶದಲ್ಲಿ ಇರುವುದೇ ಇಲ್ಲ. ನಿರ್ಮಲವಾದ ನೀಲಿಯನ್ನು ದಿಟ್ಟಿಸಿದಾಗ ಸಣ್ಣ ಸಣ್ಣ ಬೆಳಕಿನ ಕಣಗಳು ಒಂದು ಸೆಕೆಂಡಿನಷ್ಟು ಹೊತ್ತು ಡೊಂಕಾಗಿ ಓಡಿ ಅಡಗುವುದನ್ನು ಯಾರಾದರೂ ಕಾಣಬಹುದು. ಕಣ್ಣೊಳಗಿನ ಸೂಕ್ಷ್ಮ ರಕ್ತನಾಳಗಳಲ್ಲಿ ಬಿಳಿ ರಕ್ತಕಣಗಳು ಹಾದುಹೋಗುವುದರ ಬಿಂಬ ಇದು. ನಾಡಿ ಬಡಿದಂತೆ ಅವುಗಳ ಓಟವೂ ಏರಿಳಿಯುತ್ತದೆ, ಕಣ್ಣು ತಿರುಗಿದ ಕಡೆಗೆ ಅವೂ ಬರುತ್ತವೆ.

ವಿಮಾನಗಳನ್ನು ಕುರಿತು ಹೆಚ್ಚು ಬರೆಯಬೇಕಾದ್ದಿಲ್ಲ, ಒಂದು ವಿಷಯದ ಹೊರತು. ಊರಿಂದೂರಿಗೆ ದಾಟಿಹೋಗುವ ದೊಡ್ಡ ವಿಮಾನವು ಹತ್ತು ಹನ್ನೊಂದು ಕಿಲೋಮೀಟರ್ ಮೇಲಿರುತ್ತದೆ. ಅದರ ಶಬ್ದವು ಕೆಳಗೆ ತಲುಪಲು ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ವಿಮಾನವು ಏಳೆಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಶಬ್ದ ಬಂದ ಕಡೆಗೆ ನೋಡಿದವನಿಗೆ ಬರಿಯ ಆಕಾಶ. ಹೊಳೆಯುವ ಚುಕ್ಕೆಯನ್ನು ಕಂಡವನಿಗೆ ಅದು ನಿಶ್ಶಬ್ದ. ಇಬ್ಬರೂ ಸತ್ಯವನ್ನೇ ನುಡಿಯುತ್ತಾರೆ, ಇಬ್ಬರ ಮಾತೂ ಒಂದಕ್ಕೊಂದು ಹೊಂದುವುದಿಲ್ಲ. ಕೃತಕ ಉಪಗ್ರಹಗಳಾದರೋ ಬಹುಮಟ್ಟಿಗೆ ಸಂಧ್ಯಾಕಾಲದ ಸ್ವತ್ತು. ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸಂಜೆ ಮುಂಜಾನೆಗಳಲ್ಲಿ ನಾಲ್ಕಾರು ನಿಮಿಷ ಸೊಗಸಾಗಿ ಕಾಣುತ್ತದೆ. ನಡುಹಗಲಿನಲ್ಲಿ ಅದನ್ನು ಬರಿಗಣ್ಣಿನಿಂದ ಕಂಡೆನೆನ್ನುವವರ ಮಾತನ್ನು ಒಪ್ಪುವ ಮುನ್ನ ನಾವು ಗಡಿಯಾರವನ್ನು ಕೇಳುತ್ತೇವೆ.

ಬಲೂನುಗಳ ವಿಚಾರದಲ್ಲಿ ನಮ್ಮ ರಾಜ್ಯದ್ದೇ ಅನುಭವವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಹಾರಿಸುವ ಬಲೂನುಗಳು ತೆಳ್ಳನೆಯ ಪಾಲಿಥಿನ್ ಹಾಳೆಯವು. ೫೦ ಮೀಟರಿಗೂ ಹೆಚ್ಚು ಅಗಲವಾಗಿ ಉಬ್ಬಿ, ೩೦ರಿಂದ ೪೨ ಕಿಲೋಮೀಟರ್ ಎತ್ತರದಲ್ಲಿ ಗಂಟೆಗಟ್ಟಲೆ ತೇಲುತ್ತವೆ. ನೆಲದ ಮೇಲೆ ಇನ್ನೂ ಕತ್ತಲಿರುವಾಗಲೇ ಅಷ್ಟು ಮೇಲೆ ಬಿಸಿಲು ಬಿದ್ದಿರುತ್ತದೆ. ಹಗಲಾದ ಮೇಲೂ ಬಿಳಿಯ ಮುತ್ತಿನಂತೆ ಕಾಣುತ್ತಿರುತ್ತವೆ. ೨೦೨೫ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಇಂಥದೊಂದು ಬಲೂನು ಯಂತ್ರಗಳ ಸಮೇತ ಇಳಿದು ಜನರನ್ನು ಗಾಬರಿಗೊಳಿಸಿತು. ಪೋಲೀಸಿನವರು ಬಂದರು, ವಿಚಾರಣೆಯಾಯಿತು, ಸಂಗತಿ ತಿಳಿಯಿತು. ಆದರೆ ಈ ಬಲೂನುಗಳನ್ನು ಮೈಸೂರಿನ ಪ್ರತಿಯೊಂದು ಚುಕ್ಕೆಗೂ ಉತ್ತರವಾಗಿ ಹೇಳುವ ಒಂದು ಹೊಸ ಚಾಳಿಯೂ ಬೆಳೆದಿದೆ, ಅದೂ ಸರಿಯಲ್ಲ. ಹೈದರಾಬಾದು ನಮ್ಮಿಂದ ಸುಮಾರು ೬೦೦ ಕಿಲೋಮೀಟರ್ ದೂರ. ೩೫ ಕಿಲೋಮೀಟರ್ ಎತ್ತರದ ವಸ್ತುವು ಭೂಮಿಯ ಗೋಳದ ಮೇಲೆ ೬೭೦ ಕಿಲೋಮೀಟರಿನ ಆಚೆಗೆ ಮರೆಯಾಗುತ್ತದೆ. ಎಂದರೆ ಆ ಊರಿನ ಮೇಲಿರುವ ಬಲೂನು ಚಾಮರಾಜಪುರಕ್ಕೆ ದಿಗಂತದ ಅಂಚಿನಲ್ಲಿ, ಮರಮನೆಗಳ ಹಿಂದೆ ಅಡಗಿರುತ್ತದೆ. ನೆತ್ತಿಯ ಮೇಲೆ ಕಂಡದ್ದು ಅದಾಗಿರಲಾರದು. ಹವಾಮಾನ ಇಲಾಖೆಯವರು ಬೆಂಗಳೂರು, ಮಂಗಳೂರುಗಳಿಂದ ಬೆಳಗ್ಗೆ ಸಂಜೆ ಐದೂವರೆಯ ಸುಮಾರಿಗೆ ಬಿಡುವ ಚಿಕ್ಕ ಬಲೂನುಗಳಿಗೂ ಇದೇ ಲೆಕ್ಕ ಹಾಕಬೇಕು. ವಿಜ್ಞಾನದ ಹೆಸರಿನಲ್ಲಿ ಕೊಟ್ಟ ಮಾತ್ರಕ್ಕೆ ತಪ್ಪು ಉತ್ತರವು ಸರಿಯಾಗುವುದಿಲ್ಲ.

ಒಂದು ಬೆಳಕನ್ನು ಮಾತ್ರ ನಿಂತು ಅಳೆಯಲು ಅವಕಾಶವಿರುವುದಿಲ್ಲ. ಹಗಲಿನಲ್ಲಿ ಬೀಳುವ ಉಲ್ಕೆ ಕೆಲವೇ ಸೆಕೆಂಡುಗಳ ಆಟ. ೧೮೬೫ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಮದ್ದೂರಿನ ಬಳಿ ಬಿದ್ದ ಕಲ್ಲು 'ಮುದ್ದೂರ್' ಎಂಬ ಹೆಸರಿನಿಂದ ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿಗಳಲ್ಲಿ ಸೇರಿದೆ; ಮರುವರ್ಷವೇ ಉಡುಪಿಯ ಹೆಸರೂ ಆ ಪಟ್ಟಿಗೆ ಸೇರಿತು. ೨೦೧೩ರ ಫೆಬ್ರವರಿ ೧೫ರ ಬೆಳಗ್ಗೆ ರಷ್ಯಾದೇಶದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸೂರ್ಯನನ್ನೇ ಮಂಕಾಗಿಸಿದ ಒಂದು ಉಲ್ಕೆ ಸಿಡಿಯಿತು. ಜನರು ಏನಿದೆಂದು ನೋಡಲು ಕಿಟಕಿಗಳಿಗೆ ಧಾವಿಸಿದರು. ಬೆಳಕು ಹೋಗಿ ಒಂದು ನಿಮಿಷಕ್ಕೂ ಹೆಚ್ಚು ಕಾಲವಾದ ಮೇಲೆ ಸಿಡಿತದ ಅಲೆ ಬಂದು ಕಿಟಕಿಯ ಗಾಜುಗಳನ್ನು ಪುಡಿಮಾಡಿತು. ಗಾಯಗೊಂಡವರು ಸುಮಾರು ೧,೫೦೦ ಮಂದಿ, ಹೆಚ್ಚಿನವರು ಗಾಜಿನಿಂದ. ಕಣ್ಣು ಕೋರೈಸುವ ಬೆಳಕು ಆಕಾಶವನ್ನು ಸೀಳಿತೆಂದರೆ ಕಿಟಕಿಯಿಂದ ದೂರ ಸರಿಯಬೇಕೆಂಬುದನ್ನು ಮೈಸೂರಿನ ಪಾಠಶಾಲೆಗಳಲ್ಲಿ ಎಷ್ಟು ಮಂದಿ ಉಪಾಧ್ಯಾಯರು ಹೇಳಿಕೊಟ್ಟಿದ್ದಾರೆ?

ಅಧಿಕಾರಿಗಳಿಗೆ ಒಂದೆರಡು ಮಾತು ಹೇಳಬೇಕಾಗಿದೆ. ೨೦೨೩ರ ನವೆಂಬರ್ ೧೯ರ ಮಧ್ಯಾಹ್ನ ಇಂಫಾಲದ ವಿಮಾನ ನಿಲ್ದಾಣದ ಬಳಿ ಗುರುತು ಸಿಗದ ವಸ್ತುವೊಂದು ಕಂಡಿತೆಂದು ಕೆಲವು ತಾಸು ವಿಮಾನಸಂಚಾರವನ್ನು ತಡೆದರು. ರಫೇಲ್ ಯುದ್ಧವಿಮಾನಗಳು ಹುಡುಕಿದವು, ಏನೂ ಸಿಗಲಿಲ್ಲ. ನಿಲ್ದಾಣವನ್ನು ಮುಚ್ಚಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಪ್ರಯಾಣಿಕರ ಪ್ರಾಣದ ವಿಷಯದಲ್ಲಿ ಸಂಶಯದ ಲಾಭವನ್ನು ಆಕಾಶಕ್ಕೆ ಕೊಡಲಾಗದು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದವರು ಚೀನದ ದೊಡ್ಡ ಬಲೂನನ್ನು ಹೊಡೆದುರುಳಿಸಿ, ಅದರ ಬೆನ್ನಿಗೇ ಮೂರು ದಿನಗಳಲ್ಲಿ ಇನ್ನೂ ಮೂರು ವಸ್ತುಗಳ ಮೇಲೆ ಕ್ಷಿಪಣಿ ಪ್ರಯೋಗಿಸಿದರು. ಆ ಮೂರೂ ಬಹುಶಃ ಖಾಸಗಿಯವರ ಇಲ್ಲವೆ ಸಂಶೋಧಕರ ಬಲೂನುಗಳಾಗಿದ್ದುವೆಂದು ಅವರ ಅಧ್ಯಕ್ಷರೇ ಆಮೇಲೆ ಹೇಳಬೇಕಾಯಿತು. ಅಷ್ಟು ಸಾಧನಸಂಪತ್ತಿರುವ ದೇಶಕ್ಕೇ ಭಯದ ಹೊತ್ತಿನಲ್ಲಿ ಗುರುತು ಸಿಗದೆ ಹೋದರೆ, ೨೦೨೫ರ ಮೇ ತಿಂಗಳಂಥ ಯುದ್ಧಭೀತಿಯ ದಿನಗಳಲ್ಲಿ ನಮ್ಮ ಒಂದು ಪೋಲೀಸು ಠಾಣೆಯ ದಫೇದಾರನಿಗೆ ಹತ್ತು ದೂರವಾಣಿ ಕರೆಗಳು ಒಮ್ಮೆಗೇ ಬಂದರೆ ಅವನು ಏನು ಮಾಡಬೇಕು?

ಅವನಿಗೆ ಒಂದು ಮುದ್ರಿತ ಹಾಳೆಯನ್ನು ಕೊಡಬಹುದು. ಕಂಡ ಗಂಟೆ ನಿಮಿಷ, ನಿಂತಿದ್ದ ಸ್ಥಳ, ನೋಡಿದ ದಿಕ್ಕು, ಮುಷ್ಟಿಯ ಲೆಕ್ಕದಲ್ಲಿ ಎತ್ತರ, ಎಷ್ಟು ಹೊತ್ತು ಕಂಡಿತು, ಯಾವ ಕಡೆಗೆ ಹೋಯಿತು ಎಂದು ಐದಾರು ಕಲಮುಗಳು ಅದರಲ್ಲಿದ್ದರೆ ಸಾಕು. ಎರಡು ಬೇರೆ ಬಡಾವಣೆಗಳಿಂದ ಇಂಥ ಎರಡು ಹಾಳೆಗಳು ತುಂಬಿ ಬಂದರೆ ವಸ್ತುವಿನ ನಿಜವಾದ ಎತ್ತರವನ್ನು ಮಾನಸಗಂಗೋತ್ರಿಯ ಯಾವ ವಿದ್ಯಾರ್ಥಿಯೂ ತ್ರಿಕೋನಮಿತಿಯಿಂದ ತೆಗೆದುಕೊಡಬಲ್ಲನು. ಹೈದರಾಬಾದಿನಿಂದ ಬಲೂನುಗಳು ಹಾರುವ ಕಾಲದಲ್ಲಿ ಅದರ ತಿಳಿವಳಿಕೆಪತ್ರವು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಗ್ರಾಮಪಂಚಾಯಿತಿಗಳ ಬಾಗಿಲಿನಲ್ಲಿ, ಹಳ್ಳಿಯವರು ಓದಬಲ್ಲ ಕನ್ನಡದಲ್ಲಿ ಅಂಟಿಸಿರಬೇಕು. ಪತ್ರಿಕೆಯ ಒಂದು ಮೂಲೆಯ ಪ್ರಕಟಣೆಯಿಂದ ಆ ಕೆಲಸ ಆಗುವುದಿಲ್ಲ. ಮೈಸೂರಿನ ಮಟ್ಟಿಗೆ ಹೇಳುವುದಾದರೆ, ದಸರೆಯಲ್ಲಿ ಬನ್ನಿಮಂಟಪದ ಮೇಲೆ ಡ್ರೋನುಗಳ ಪ್ರದರ್ಶನಕ್ಕೆ ಅಭ್ಯಾಸ ನಡೆಯುವ ದಿನಗಳನ್ನೂ ವೇಳೆಯನ್ನೂ ಊರಿಗೆಲ್ಲ ಮೊದಲೇ ಸಾರಿದರೆ ಠಾಣೆಗಳಿಗೆ ಬರುವ ಕರೆಗಳಲ್ಲಿ ಎಷ್ಟೋ ಉಳಿಯುತ್ತವೆ. ಇದಕ್ಕೆ ಹೊಸ ಇಲಾಖೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಮುಂದಿನ ದಸರೆಗೆ ಮುನ್ನ ಜಿಲ್ಲಾಡಳಿತದವರು ಆ ಹಾಳೆಯನ್ನು ಅಚ್ಚುಹಾಕಿಸಿ ಠಾಣೆಗಳಿಗೆ ಕಳುಹಿಸಲಿ. ಅದನ್ನು ಈ ಅಂಕಣಗಳಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.